ಕತ್ತರಿಸದೆ ಬಿಟ್ಟ ಸುದ್ದಿ

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಸಲೋಮಿ ವಾರದ ಪೇಪರುಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕತ್ತರಿ ಹಿಡಿದು ಕೂತಳು. ಇದು ಮೊದಲು ಅವಳ ಕೆಲಸವಾಗಿರಲಿಲ್ಲ. ಗಂಡ ಸತ್ಯಮಿತ್ರನದು. ಅವನು ಹೋಗಿ ಒಂದು ವರ್ಷ ಐದು ತಿಂಗಳಾಗಿತ್ತು.

ತರೀಕೆರೆಯ ಕ್ರೈಸ್ತ ಸಭೆಗೆ ಸೇರಿದ್ದು ಹದಿನಾಲ್ಕು ಮನೆ. ಸಭಾಪಾಲಕರು ಕಡೂರಿನಿಂದ ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದ ಮುನಿಯಪ್ಪನವರೇ ಆರಾಧನೆ ನಡೆಸುತ್ತಿದ್ದರು. ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿ ಊರಿಗೆ ಬಂದ ಸತ್ಯಮಿತ್ರ ಅಲ್ಲಿಗೊಂದು ಪದ್ಧತಿ ತಂದ. ಪ್ರಾರ್ಥನೆಗೆ ಮುಂಚೆ ಆ ವಾರದ ಪೇಪರಿನಿಂದ ಐದಾರು ಸುದ್ದಿ ಓದುವುದು. ಒಂದೊಂದು ಸುದ್ದಿಯ ಕೊನೆಗೂ ಸಭೆಯವರೆಲ್ಲ ‘ಕರ್ತನೇ, ಲಾಲಿಸು’ ಅನ್ನುವುದು. ಊರಿನವರು ಇದಕ್ಕೆ ‘ಪೇಪರ್ ಪೂಜೆ’ ಅಂತ ಹೆಸರಿಟ್ಟರು. ಸತ್ಯಮಿತ್ರ ಅದನ್ನು ಕೇಳಿ ನಕ್ಕು, ಮನೆಗೆ ಬಂದು ಹೆಂಡತಿಗೂ ಹೇಳಿ ನಕ್ಕ.

ಅವನು ಬರೀ ಓದುತ್ತಿರಲಿಲ್ಲ. ಮಾತಾಡುತ್ತಿದ್ದ. ಸೀಮೆಎಣ್ಣೆ ಸಿಗದ್ದು, ಅಸ್ಸಾಮಿನ ಗಲಾಟೆ, ಶಾಲೆಯ ಸೋರುವ ಸೂರು, ಬೈಬಲಿನ ಯೋಬನು ಬೂದಿಯಲ್ಲಿ ಕೂತದ್ದು, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತಿತ್ತು. ‘ದೇವರಿಗೆ ಸುದ್ದಿ ತಿಳಿಸೋಕೆ ಓದೋದಲ್ಲ ಕಣ್ರೀ, ಅವನಿಗೆ ಗೊತ್ತಿರುತ್ತೆ. ನಮಗೆ ತಿಳೀಲಿ ಅಂತ’ ಅನ್ನುತ್ತಿದ್ದ. ಅವನದು ಎರಡೇ ನಿಯಮ. ನಮ್ಮ ತಾಲೂಕಿನವರ ಕಷ್ಟ ಪೇಪರಿನಲ್ಲಿ ಬಂದರೆ, ಅದು ಕಳ್ಳನದೇ ಇರಲಿ, ಕೊಲೆಗಾರನದೇ ಇರಲಿ, ಬಿಡುವ ಹಾಗಿಲ್ಲ. ಯಾರ ಹೆಸರು ಓದಿದೆವೋ ಅವರ ಮನೆಗೆ ಹೋಗಿ, ನಿಮ್ಮನ್ನು ನೆನೆದೆವು ಅಂತ ಹೇಳಿಬರಬೇಕು. ಹತ್ತಿರದ ಊರಾದರೆ ಸೈಕಲ್ಲಿನಲ್ಲೇ ಹೋಗುತ್ತಿದ್ದ. ಅಜ್ಜಂಪುರದ ಕಡೆಯಾದರೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ಅಲ್ಲಿ ಇಳಿಸಿಕೊಂಡು ಹಳ್ಳಿಗಳಿಗೆ ತುಳಿಯುತ್ತಿದ್ದ.

ಹಾಗೆ ಹೋದವನೇ ಬರಲಿಲ್ಲ. ಲಿಂಗದಹಳ್ಳಿಯಲ್ಲಿ ಮನೆ ಸುಟ್ಟುಹೋಗಿದ್ದ ಒಬ್ಬಾಕೆಗೆ ಹೇಳಿ ಹಿಂತಿರುಗುವಾಗ ತಿರುವಿನಲ್ಲಿ ಲಾರಿ ಹೊಡೆಯಿತು. ಮರುದಿನ ಪೇಪರಿನಲ್ಲಿ ಎರಡು ಸಾಲು: ಲಾರಿ ಡಿಕ್ಕಿ, ಸೈಕಲ್ ಸವಾರ ಸಾವು. ಯಾರ ಹೆಸರನ್ನೂ ಬಿಡದವನ ಹೆಸರನ್ನು ಪೇಪರಿನವರು ಬಿಟ್ಟಿದ್ದರು. ಆ ಭಾನುವಾರ ಸಭೆಯಲ್ಲಿ ಸುದ್ದಿ ಓದುವವರು ಯಾರೂ ಇರಲಿಲ್ಲ.

ಮೂರು ತಿಂಗಳಾದ ಮೇಲೆ, ಭೋಪಾಲಿನಲ್ಲಿ ವಿಷದ ಗಾಳಿಗೆ ಜನ ಸತ್ತ ವಾರ, ಮುನಿಯಪ್ಪನವರು ಪೇಪರುಗಳ ಕಟ್ಟು ಹಿಡಿದು ಬಾಗಿಲಿಗೆ ಬಂದರು. ‘ನೀನು ಮೈಸೂರಲ್ಲಿ ಎಂ.ಎ. ಮಾಡಿದೋಳು ಕಣಮ್ಮ. ನಮಗೆ ನಾಲಗೆ ತಿರುಗಲ್ಲ. ಓದಿಬಿಡು, ಸಾಕು.’ ಅವಳು ಓದಿಬಿಟ್ಟಳು. ಭೋಪಾಲ್, ಎರಡು ಸಾವಿರಕ್ಕೂ ಹೆಚ್ಚು. ಅಷ್ಟೇ ಹೇಳಿ ಕೂತಳು. ಅಂದಿನಿಂದ ಓದುತ್ತಲೇ ಇದ್ದಳು. ಗಂಡನ ಹಾಗೆ ಮಾತಾಡುತ್ತಿರಲಿಲ್ಲ, ಯಾರ ಮನೆಗೂ ಹೋಗುತ್ತಿರಲಿಲ್ಲ. ಸಭೆಯವರ ಜೊತೆ ‘ಲಾಲಿಸು’ ಅನ್ನುವಾಗ ಬಾಯಿ ಆಡುತ್ತಿತ್ತು. ದೇವರು ಇಲ್ಲವೆನ್ನಲು ಬೇಕಾದಷ್ಟು ಸಿಟ್ಟೂ ಅವಳಲ್ಲಿ ಉಳಿದಿರಲಿಲ್ಲ. ಸಾವಿನ ದಿನ ಅತ್ತಿರಲಿಲ್ಲ, ಆಮೇಲೂ ಅಳಲಿಲ್ಲ. ಗಂಡನ ಹೆಸರನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಈ ವಾರದ ದೊಡ್ಡ ಸುದ್ದಿ ಅಮೇರಿಕದ್ದು. ಆಕಾಶಕ್ಕೆ ಹೊರಟ ನೌಕೆ ಒಂದು ನಿಮಿಷ ದಾಟುತ್ತಲೇ ಸಿಡಿದು ಏಳು ಜನ ಸತ್ತಿದ್ದರು. ಅವರಲ್ಲಿ ಒಬ್ಬಾಕೆ ಶಾಲೆಯ ಟೀಚರು. ಸಲೋಮಿ ಅದನ್ನು ಕತ್ತರಿಸಿದಳು. ಪಂಜಾಬಿನದನ್ನು ಕತ್ತರಿಸಿದಳು. ಶುಕ್ರವಾರದ ಪೇಪರಿನ ಒಳಪುಟ ತಿರುವಿದಾಗ ಕತ್ತರಿ ನಿಂತಿತು.

‘ತರೀಕೆರೆ: ಲಾರಿಯನ್ನು ಅಜಾಗರೂಕತೆಯಿಂದ ಚಲಾಯಿಸಿ ಸೈಕಲ್ ಸವಾರನೊಬ್ಬನ ಸಾವಿಗೆ ಕಾರಣನಾದ ಬುಕ್ಕಾಂಬುಧಿಯ ಸಣ್ಣಬೀರಪ್ಪ ಎಂಬ ಇಪ್ಪತ್ತಾರು ವರ್ಷದ ಚಾಲಕನಿಗೆ ಇಲ್ಲಿನ ನ್ಯಾಯಾಲಯ ಒಂದು ವರ್ಷದ ಸಜೆ ವಿಧಿಸಿದೆ.’

ಕೇಸು ನಡೆಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಕೋರ್ಟಿಗೆ ಹೋಗಿರಲಿಲ್ಲ. ಆ ಹೆಸರನ್ನು ನೋಡಿದ್ದು ಇದೇ ಮೊದಲು. ಸಣ್ಣಬೀರಪ್ಪ. ಸೈಕಲ್ ಸವಾರನೊಬ್ಬ. ಈ ಸಲವೂ ಒಬ್ಬ.

ನಿಯಮದ ಪ್ರಕಾರ ಇದನ್ನು ಬಿಡುವ ಹಾಗಿರಲಿಲ್ಲ. ಅವಳು ಪೇಪರನ್ನು ಮಡಿಸಿ, ರದ್ದಿಯ ಕಟ್ಟಿನ ಅಡಿಗೆ ತಳ್ಳಿ, ಕತ್ತರಿಯನ್ನು ಗೂಡಿನಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಅವಳು ಹೋದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಸಭೆಯ ಗುಡಿಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಒಗೆದ ಸೀರೆ, ಬರಿಗಾಲು, ಮಡಿಲಲ್ಲಿ ಬಟ್ಟೆಯ ಗಂಟು. ಸಭೆಯ ಅಜ್ಜಿ ಹನ್ನಮ್ಮ ಎದುರಿಗೆ ನಿಂತು ವಿಚಾರಿಸುತ್ತಿದ್ದಳು.

‘ಪೇಪರ್ ಓದೋ ಗುಡಿ ಇದೇನಾ ಅಂತ ಕೇಳ್ತಾಳೆ ಕಣೇ ಸಲೋಮಿ! ಹಳ್ಳಿಹಳ್ಳಿಗೂ ಹೋಗೈತೆ ನಮ್ಮ ಕೀರ್ತಿ. ದಿಲ್ಲಿಗೆ ಬಂದಿರೋ ಪೋಪಯ್ಯನಿಗೂ ತಿಳಿದಿರಬೇಕು, ನೋಡ್ತಿರು, ನಾಳೆ ಇಲ್ಲಿಗೇ ಬತ್ತಾನೆ’ ಅಂದಳು ಹನ್ನಮ್ಮ.

ಮುದುಕಿ ಎದ್ದು ನಿಂತಳು. ‘ಸೈಕಲ್ ಮೇಷ್ಟ್ರು ಬಂದವ್ರೇನವ್ವ?’

ಹನ್ನಮ್ಮನ ನಗು ನಿಂತಿತು. ಅವಳು ಸಲೋಮಿಯ ಮುಖವನ್ನು ಒಂದು ಸಲ ನೋಡಿ, ದೀಪದ ಎಣ್ಣೆ ನೋಡಬೇಕು ಅನ್ನುತ್ತಾ ಒಳಗೆ ಹೋಗಿಬಿಟ್ಟಳು.

‘ಯಾವ ಮೇಷ್ಟ್ರು?’ ಸಲೋಮಿ ಕೇಳಿದಳು.

‘ಅದೇ ಕಣವ್ವ, ಕೆಂಪು ಚೀಲ ಹ್ಯಾಂಡಲ್ಲಿಗೆ ಸಿಕ್ಕಿಸ್ಕೊಂಡು ಬತ್ತಿದ್ರಲ್ಲ. ಹೋದ ವರ್ಷಕ್ಕೆ ಹಿಂದ್ಲ ವರ್ಷ, ನಮ್ಮ ಬೀದಿ ಚೌಡಪ್ಪನ ಮಗಳು ಕೆರೇಲಿ ಹೋಗ್ಬಿಟ್ಲು. ಬಟ್ಟೆ ಒಗೆಯೋಕೆ ಹೋದೋಳು. ಐದು ದಿನ ಆದ್ಮೇಲೆ ಆ ಮೇಷ್ಟ್ರು ಬಂದ್ರು. ಗುರ್ತಿಲ್ಲ ಪರಿಚಯ ಇಲ್ಲ. ಜಗಲಿ ಮೇಲೆ ಕೂತ್ಕೊಂಡು ಮಜ್ಜಿಗೆ ಕುಡುದ್ರು. ನಿಮ್ಮ ಮಗಳ ಹೆಸರು ನಮ್ಮ ಗುಡೀಲಿ ಓದಿದ್ವಿ ಕಣಪ್ಪ, ಎಲ್ರೂ ನೆನುಸ್ಕೊಂಡ್ವಿ ಅಂದ್ರು. ಅಷ್ಟೇ ಅಂದಿದ್ದು. ಚೌಡಪ್ಪ ಗೋಳೋ ಅಂತ ಅತ್ತು, ಅವತ್ತು ಸಂಜೆ ತುತ್ತು ತಿಂದ. ಐದು ದಿನದಿಂದ ಏನೂ ಮುಟ್ಟಿರಲಿಲ್ಲ.’

ಸಲೋಮಿಗೆ ಆ ದಿನ ನೆನಪಿತ್ತು. ಬುಕ್ಕಾಂಬುಧಿಯಿಂದ ಬಂದ ಗಂಡ, ಮಜ್ಜಿಗೆಗೆ ಎಷ್ಟು ಉಪ್ಪು ಹಾಕಿದ್ದರು ಅಂದರೆ ಅಜ್ಜಂಪುರದವರೆಗೂ ಬಾಯಾರಿಕೆ ಅಂತ ಒಂದು ಚೊಂಬು ನೀರು ಕುಡಿದಿದ್ದ.

‘ಈಗೇನಾಗಬೇಕಿತ್ತು?’

ಮುದುಕಿ ಗಂಟು ಬಿಚ್ಚಿ ಒಂದು ಪೇಪರಿನ ಚೂರು ತೆಗೆದಳು. ಕೈಯಲ್ಲಿ ಹರಿದದ್ದು, ಅಂಚು ಸೊಟ್ಟಗಿತ್ತು. ‘ನನ್ನ ಹೆಸರು ಕಲ್ಲಮ್ಮ ಅಂತ. ನನ್ನ ಮಗಂದು ಇದು, ಸಣ್ಣಬೀರಪ್ಪಂದು. ಹೋಟ್ಲಿನೋರು ಓದಿ ಹೇಳುದ್ರು. ಯಾರೋ ಮನುಷ್ಯನ ಮೇಲೆ ಲಾರಿ ಹರಿಸ್ಬಿಟ್ಟ ಕಣವ್ವ. ಬೇಕಂತ ಮಾಡ್ದೋನಲ್ಲ. ಅವತ್ತಿಂದ ಅವನು ಸ್ಟೇರಿಂಗ್ ಮುಟ್ಟಿಲ್ಲ. ಈಗ ಚಿಕ್ಕಮಗಳೂರು ಜೈಲಲ್ಲವ್ನೆ. ನಮ್ಮ ದೇವ್ರುಗಳಿಗೆಲ್ಲ ಕೈ ಮುಗಿದೆ. ಆದ್ರೆ ಊರಲ್ಲಿ ಅವನ ಹೆಸ್ರು ಹೇಳೋರೇ ಇಲ್ಲ. ಕೊಲೆ ಮಾಡ್ದೋನು ಅಂತಾರೆ. ಇಲ್ಲಿ ಒಂದ್ಸಲ ಯಾರಾದ್ರೂ ಬಾಯ್ತುಂಬ ಅವನ ಹೆಸ್ರು ಹೇಳ್ಲಿ ಅಂತ ಬಂದೆ. ಮೇಷ್ಟ್ರು ಇದ್ರೆ ಇಲ್ಲ ಅನ್ನಲ್ಲ.’

ಮೇಷ್ಟ್ರು ಇದ್ದಿದ್ದರೆ ಇಲ್ಲ ಅನ್ನುತ್ತಿರಲಿಲ್ಲ. ಅದು ಸಲೋಮಿಗೆ ಗೊತ್ತಿದ್ದ ಒಂದೇ ನಿಜ.

‘ಮೇಷ್ಟ್ರು ಇಲ್ಲ. ಈಗ ಓದೋದು ನಾನು’ ಅಂದಳು.

‘ವರ್ಗ ಆಯ್ತೇನವ್ವ?’

ಸಲೋಮಿ ಕೈ ಚಾಚಿ ಚೂರನ್ನು ತೆಗೆದುಕೊಂಡಳು. ಮನೆಯಲ್ಲಿ ಕತ್ತರಿಸದೆ ಬಿಟ್ಟಿದ್ದು ಕೈಗೆ ಬಂದು ಸೇರಿತ್ತು. ಮುನಿಯಪ್ಪನವರು ಬಂದು, ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಕಬ್ಬಿಣದ ಸಲಾಕೆಯಿಂದ ಹೊಡೆದರು. ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಕಲ್ಲಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಬೆಂಚಿನ ಮೇಲೆ ಬಾ ಅಂತ ಕರೆದರೂ ಬರಲಿಲ್ಲ.

ಕೀರ್ತನೆ ಹಾಡಿದರು. ಮುನಿಯಪ್ಪನವರು ಸತ್ಯವೇದದಿಂದ ಒಂದು ಅಧ್ಯಾಯ ಓದಿದರು. ಸಲೋಮಿಯ ಕಿವಿಗೆ ಒಂದು ಪದವೂ ಬೀಳಲಿಲ್ಲ. ಚೂರು ಅಂಗೈಯಲ್ಲಿ ಬೆವರಿಗೆ ಒದ್ದೆಯಾಗುತ್ತಿತ್ತು. ಓದದೆ ಬಿಡಬಹುದಿತ್ತು. ಮುಂದಿನ ವಾರ ಓದುತ್ತೇವೆ ಅಂದರೂ ಮುದುಕಿ ನಂಬುತ್ತಿದ್ದಳು. ಓದಿದರೆ ಏನು? ಹದಿನಾಲ್ಕು ತಿಂಗಳಿಂದ ಊರೂರಿನ ಸಾವನ್ನೆಲ್ಲ ಓದಿದ್ದಳು, ಒಂದೂ ಅವಳನ್ನು ಮುಟ್ಟಿರಲಿಲ್ಲ. ಇದೂ ಅಷ್ಟೇ, ಒಂದು ಹೆಸರು. ಹಾಗಂದುಕೊಂಡಳು.

‘ಸಲೋಮಮ್ಮ’ ಅಂದರು ಮುನಿಯಪ್ಪನವರು.

ಎದ್ದಳು. ಅಮೇರಿಕದ ಏಳು ಜನರನ್ನು ಓದಿದಳು. ‘ಕರ್ತನೇ, ಲಾಲಿಸು’ ಅಂದಿತು ಸಭೆ. ಪಂಜಾಬನ್ನು ಓದಿದಳು. ಲಾಲಿಸು. ಆಮೇಲೆ ಅಂಗೈ ಬಿಚ್ಚಿದಳು.

‘ಬುಕ್ಕಾಂಬುಧಿಯ ಸಣ್ಣಬೀರಪ್ಪ. ಇಪ್ಪತ್ತಾರು ವರ್ಷ. ಲಾರಿ ಚಾಲಕ. ಸೈಕಲ್ ಸವಾರನೊಬ್ಬನ ಸಾವಿಗೆ ಕಾರಣನಾದನೆಂದು ಒಂದು ವರ್ಷ ಸಜೆ.’

ಯಾರೂ ‘ಲಾಲಿಸು’ ಅನ್ನಲಿಲ್ಲ. ಮುನಿಯಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮುಂದಿನ ಬೆಂಚಿನ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಬಾಗಿಲ ಹತ್ತಿರ ಕಲ್ಲಮ್ಮ ಎರಡೂ ಕೈ ಜೋಡಿಸಿ, ಎಲ್ಲರ ಬೆನ್ನನ್ನೂ ನೋಡುತ್ತಿದ್ದಳು.

ಸಲೋಮಿ ಕೂರಲಿಲ್ಲ.

‘ಸತ್ತವರ ಹೆಸರು ಪೇಪರಿನಲ್ಲಿ ಹಾಕಿಲ್ಲ’ ಅಂದಳು. ‘ಸತ್ಯಮಿತ್ರ. ಮೂವತ್ತೊಂದು ವರ್ಷ.’

ಆ ಹೆಸರು ಗೋಡೆಗೆ ತಾಗಿ ಅವಳ ಕಿವಿಗೇ ವಾಪಸು ಬಂತು. ಯಾರದೋ ದನಿಯ ಹಾಗಿತ್ತು.

ಹನ್ನಮ್ಮನೇ ಮೊದಲು ಬಾಯಿಬಿಟ್ಟಳು. ‘ಕರ್ತನೇ, ಲಾಲಿಸಪ್ಪಾ’ ಅಂದಳು, ಅಕ್ಕಪಕ್ಕದ ಮನೆಯವರನ್ನು ಕೂಗುವಂತೆ. ಹಿಂದೆಯೇ ಉಳಿದವರು ಅಂದರು. ಎಲ್ಲರೂ ಮುಗಿಸಿದ ಮೇಲೆ ಬಾಗಿಲ ಕಡೆಯಿಂದ ಇನ್ನೊಂದು ದನಿ ಒಂಟಿಯಾಗಿ ಬಂತು: ‘ಲಾಲಿಸು.’

ಆರಾಧನೆ ಮುಗಿದ ಮೇಲೆ ಸಭೆಯವರು ಸಲೋಮಿಯ ಹತ್ತಿರ ಬರದೆ, ದೂರವೂ ಹೋಗದೆ ಅಂಗಳದಲ್ಲಿ ನಿಂತರು. ಕಲ್ಲಮ್ಮ ಮಾತ್ರ ನೇರ ಬಂದಳು. ಮುಖ ಸ್ವಲ್ಪ ಹಗುರಾಗಿತ್ತು.

‘ಓದುದ್ರಲ್ಲ ತಾಯಿ, ಸಾಕು. ಸತ್ತೋರ ಹೆಸ್ರೂ ಹೇಳುದ್ರಲ್ಲ. ಅವರ ಹೆಸ್ರು ನನಗೆ ಇವತ್ತೇ ತಿಳಿದಿದ್ದು. ನನ್ನ ಮಗ ಹೇಳಿರಲಿಲ್ಲ. ಕೇಳುದ್ರೆ ಗೋಡೆ ಕಡೆ ತಿರುಗ್ತಿದ್ದ.’ ಆಮೇಲೆ ಕೇಳಿದಳು, ‘ಹೆಸ್ರು ಓದ್ದೋರ ಮನೆಗೆ ಹೋಗಿ ಹೇಳ್ಬೇಕಲ್ಲ, ಆ ಸತ್ತೋರ ಮನೆಯೋರು ಎಲ್ಲವ್ರೆ?’

‘ಇದೇ ಊರು.’

‘ಯಾರ‍್ಯಾರವ್ರೆ ಮನೇಲಿ?’

‘ಹೆಂಡತಿ ಒಬ್ಬಳೇ.’

ಕಲ್ಲಮ್ಮ ಗಂಟನ್ನು ಎದೆಗೆ ಒತ್ತಿಕೊಂಡಳು. ‘ನೀವು ಹೋಗ್ತೀರಲ್ಲ, ನಾನೂ ಬರ್ಲೇನವ್ವ? ಉಗುದ್ರೂ ಉಗುಸ್ಕೋತೀನಿ. ಒಂದ್ಸಲ ಆ ಹೊಸಲ ಮುಂದೆ ನಿಲ್ಬೇಕು ನಾನು.’

‘ಬನ್ನಿ’ ಅಂದಳು ಸಲೋಮಿ.

ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಳು. ಯಾವ ಮಾತಿನಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಮುದುಕಿ ಒಂದು ಹೆಜ್ಜೆ ಹಿಂದೆಯೇ ಬರುತ್ತಿದ್ದಳು. ಮನೆ ಬಂತು. ಸಲೋಮಿ ಬೀಗ ತೆಗೆದಳು.

‘ಇದು ನಿಮ್ಮನೆಯಾ? ಮೊದಲು ಆ ಮನೆಗೆ...’ ಅನ್ನುತ್ತಾ ಕಲ್ಲಮ್ಮ ಒಳಗೆ ಇಣುಕಿದಳು. ಎದುರಿನ ಗೋಡೆಗೆ ಪೊಲೀಸರು ಹಿಂದಕ್ಕೆ ಕೊಟ್ಟ ಸೈಕಲ್ಲು ಒರಗಿತ್ತು. ಮುಂದಿನ ಚಕ್ರ ಎಂಟರ ಆಕಾರಕ್ಕೆ ಮಡಚಿಕೊಂಡಿತ್ತು. ಹ್ಯಾಂಡಲ್ಲಿನಲ್ಲಿ ಕೆಂಪು ಚೀಲ ತೂಗುತ್ತಿತ್ತು.

ಕಲ್ಲಮ್ಮ ಚೀಲವನ್ನು ನೋಡಿದಳು, ಚಕ್ರವನ್ನು ನೋಡಿದಳು. ಕೊನೆಗೆ ಸಲೋಮಿಯ ಬರಿಯ ಕತ್ತನ್ನು ನೋಡಿದಳು. ಅವಳ ಬಾಯಿಂದ ಮಾತಲ್ಲದ ಒಂದು ಸದ್ದು ಹೊರಟಿತು. ಹೊಸಲಿನ ಹೊರಗೇ ಕುಸಿದು ಕೂತು, ಹಣೆಯನ್ನು ಬಾಗಿಲವಾಡಕ್ಕೆ ಚಚ್ಚಿಕೊಂಡಳು. ‘ಮೇಷ್ಟ್ರೇ, ಮೇಷ್ಟ್ರೇ, ನಿಮ್ಮನ್ನೇನಾ’ ಅಂದಳು. ಎರಡನೆಯ ಸಲ ಚಚ್ಚಿಕೊಳ್ಳುವಾಗ ಸಲೋಮಿ ಅವಳ ಹಣೆಗೂ ಮರಕ್ಕೂ ನಡುವೆ ಕೈ ಇಟ್ಟಳು. ಪೆಟ್ಟು ಕೈಗೆ ಬಿತ್ತು. ಜೋರಾಗಿಯೇ ಬಿತ್ತು. ಎಷ್ಟೋ ದಿನಗಳ ಮೇಲೆ ಅವಳಿಗೆ ನೋವಾಯಿತು.

ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ. ಕಲ್ಲಮ್ಮ ಕೇಳಲೂ ಇಲ್ಲ. ಇಬ್ಬರೂ ಹೊಸಲಿನ ಆಚೆ ಒಬ್ಬರು ಈಚೆ ಒಬ್ಬರು ತುಂಬ ಹೊತ್ತು ಕೂತಿದ್ದರು. ಬಿಸಿಲು ಹೊಸಲು ದಾಟಿ ಒಳಗೆ ಬಂತು.

‘ಅಜ್ಜಂಪುರದ ಬಸ್ಸು ಮೂರು ಗಂಟೆಗೆ’ ಅಂದಳು ಸಲೋಮಿ ಕೊನೆಗೆ. ‘ಊಟ ಮಾಡ್ಕೊಂಡು ಹೋಗಿ.’

‘ಈ ಮನೇಲಿ ನನಗೆ ಗಂಟಲಲ್ಲಿ ಇಳಿಯಲ್ಲ ತಾಯಿ.’

‘ಚೌಡಪ್ಪ ತಿಂದ ಅಂದ್ರಲ್ಲ.’

ಅವಳು ಒಳಗೆ ಹೋಗಿ ಎರಡು ತಟ್ಟೆಗೆ ಅನ್ನ ಹಾಕಿದಳು. ಎರಡು ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಉಪ್ಪು ಬೆರಳಿನಲ್ಲೇ ಉಳಿಯಿತು. ಅಜ್ಜಂಪುರದವರೆಗೂ ಬಾಯಾರಿಕೆ ಕಣೇ ಅಂತ ಚೊಂಬು ಎತ್ತಿ ಕುಡಿಯುತ್ತಿದ್ದವನ ಗಂಟಲು ಕಣ್ಣಿಗೆ ಕಟ್ಟಿತು. ಒಲೆಯ ಕಟ್ಟೆ ಹಿಡಿದುಕೊಂಡು ಅವಳು ಅಲ್ಲೇ ಬಗ್ಗಿದಳು. ಹೊರಗಿದ್ದ ಕಲ್ಲಮ್ಮ ಆ ಅಳು ಕೇಳಿ ಹೊಸಲು ದಾಟಿ ಒಳಗೆ ಬಂದಳು.