ಬೀಗದಕ್ಕನ ತಂಗಿ

ಅವಳನ್ನು ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಕೊಕ್ಕೆ ಮೇಡಂ ಅಂತ. ಕೊಕ್ಕೆ ತೆಗೆಯುವುದಕ್ಕೇ ಸಂಬಳ ಎಣಿಸಿಕೊಳ್ಳುವವಳಿಗೆ ಇನ್ನೇನು ಹೆಸರಿಟ್ಟಾರು? ಆಫೀಸಿನವರು ಸೇರಿ ಎಲ್ಲೂ ಇಲ್ಲದ ಒಂದು ಬಂದರಿನ ಊರು ಕಟ್ಟಿದ್ದರು. ಆ ಊರು ಟೀವಿ ಧಾರಾವಾಹಿಯಲ್ಲಿತ್ತು, ಚಿತ್ರಕಥೆಯ ಪುಸ್ತಕಗಳಲ್ಲಿತ್ತು, ಮೊಬೈಲ್ ಆಟದಲ್ಲೂ ಇತ್ತು. ಧಾರಾವಾಹಿಯಲ್ಲಿ ಕೈ ಮುರಿದುಕೊಂಡವನು ಅದೇ ವಾರ ಆಟದಲ್ಲಿ ದೋಣಿ ಎಳೆದನೋ, ಬರೆದವರಿಗೆ ಗ್ರಹಚಾರ ಬಿಡಿಸುತ್ತಿದ್ದಳು. ಒಂದು ಕಡೆ ಸತ್ತವರು ಎಲ್ಲ ಕಡೆಯೂ ಸತ್ತಂತೆ ಅನ್ನುವ ನಿಯಮವೂ ಅವಳದೇ.

ಆ ನಿಯಮ ಈಗ ಬೀಗದಕ್ಕನ ಬುಡಕ್ಕೇ ಬಂತು. ಬೀಗದಕ್ಕ ಆ ಊರಲ್ಲಿ ಬೀಗ ರಿಪೇರಿ ಮಾಡುವವಳು. ಆ ಪಾತ್ರದ ನಟಿ ಜಗಳವಾಡಿಕೊಂಡು ಹೋದದ್ದೇ ತಡ, ಧಾರಾವಾಹಿಯವರು ಬೀಗದಕ್ಕನನ್ನು ಸಮುದ್ರಕ್ಕೆ ನೂಕಿ ಕೈ ತೊಳೆದುಕೊಂಡರು. ಪುಸ್ತಕದಲ್ಲೂ ಆಟದಲ್ಲೂ ಅಂಗಡಿ ಮುಚ್ಚಿಸಿದ್ದಾಯಿತು. ಉಳಿದದ್ದು ಫೋನ್ ನಂಬರು.

ಮೊದಲ ಪುಸ್ತಕದಲ್ಲಿ ಅಂಗಡಿಯ ಬೋರ್ಡಿನ ಮೇಲೆ ನಿಜವಾದ ನಂಬರನ್ನೇ ಹಾಕಿದ್ದರು. ಫೋನ್ ಮಾಡಿದರೆ ಬೀಗದಕ್ಕನ ಧ್ವನಿ: "ಇಲ್ಲೇ ಪಕ್ಕಕ್ಕೆ ಹೋಗಿದ್ದೀನಿ, ಬಂದ್ಬಿಡ್ತೀನಿ. ಏನಿದ್ರೂ ಹೇಳಿಟ್ಟಿರಿ." ಕಲಾವಿದರನ್ನು ಕರೆಸುವ ಯೋಗ್ಯತೆ ಆಗ ಆಫೀಸಿಗೆ ಇರಲಿಲ್ಲ. ಕೊಕ್ಕೆ ಮೇಡಂ ತನ್ನ ಸ್ವಂತ ಅಕ್ಕನ ಕೈಲೇ ಹೇಳಿಸಿದ್ದಳು.

ಆ ಅಕ್ಕ ಹೋಗಿ ಇನ್ನೂ ವರ್ಷ ತುಂಬಿಲ್ಲ. ಇವಳು ಅತ್ತಿಲ್ಲ. ಅಳು ಬಂದರೆ ತಾನೇ ಅಳುವುದು? ತಿಂದರೂ ಒಂದೇ, ತಿನ್ನದಿದ್ದರೂ ಒಂದೇ ಎಂಬಂತಾಗಿತ್ತು. ಅಮ್ಮ ಮಲಗಿದ ಮೇಲೆ ಮನೆ ಸೇರುತ್ತಿದ್ದಳು.

ಲೈನು ಮುಚ್ಚುವ ಮೊದಲು ಜನ ಹೇಳಿಟ್ಟದ್ದನ್ನು ಒಮ್ಮೆ ಕೇಳುವುದು ಪದ್ಧತಿ. ಅವಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ಒಂದು ಮಗು ಸೈಕಲ್ಲಿನ ಬೀಗದ ಕೀ ಕಳೆದಿದೆ ಎಂದು ಗೋಳಾಡಿತು. ಯಾರೋ ಮದುವೆಯಾಗ್ತೀಯಾ ಎಂದು ಕೇಳಿದ್ದ. ಆಮೇಲೆ ಅಮ್ಮನ ಧ್ವನಿ.

"ನಾನೇ ಕಣೆ. ಇವತ್ತೂ ನಲ್ಲಿ ರಿಪೇರಿಯವನು ಕೈ ಕೊಟ್ಟ. ನಿನ್ನ ತಂಗಿಗೆ ಮನೆ ಅಂದ್ರೆ ಮಲಗೋಕೆ ಮಾತ್ರ. ನಿನ್ನ ಹೆಸರೆತ್ತಿದ್ರೆ ಎದ್ದು ಹೋಗ್ತಾಳೆ. ಇನ್ಯಾರ ಹತ್ರ ಹೇಳ್ಕೊಳ್ಳಲಿ ನಾನು?"

ಅದರ ಹಿಂದೆಯೂ ಅಮ್ಮನೇ, ಅದರ ಹಿಂದೆಯೂ ಅಮ್ಮನೇ. ಕೊಕ್ಕೆ ಮೇಡಂ ಎಲ್ಲವನ್ನೂ ಕೇಳಿದಳು. ಎದೆಯೊಳಗೆ ಏನೂ ಅಲ್ಲಾಡಲಿಲ್ಲ. ಟೀ ಆರಿದೆ ಅನ್ನುವುದಷ್ಟೇ ಗೊತ್ತಾಯಿತು.

ಮ್ಯಾನೇಜರು ಇಣುಕಿದ. "ಲೈನು ಕಟ್ ಮಾಡಿದ್ರಾ ಮೇಡಂ?"

"ಮಾಡಲ್ಲ. ಬೀಗದಕ್ಕನಿಗೆ ಒಬ್ಬ ತಂಗಿ ಇದ್ದಾಳೆ. ಇನ್ಮೇಲೆ ಅವಳು ಅಂಗಡಿ ನೋಡ್ಕೋತಾಳೆ."

"ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ಎರಡನೇ ಪುಸ್ತಕದಲ್ಲಿ ನೀವೇ ಬರೆಸಿದ್ರಲ್ಲ!"

"ತಪ್ಪಾಗಿದೆ. ತಿದ್ದಿಸಿ."

ಕೊಕ್ಕೆ ಮೇಡಂ ಬಾಯಲ್ಲಿ ತಪ್ಪಾಗಿದೆ ಅನ್ನುವ ಮಾತು! ಮ್ಯಾನೇಜರು ಎರಡನೇ ಪುಸ್ತಕ ಹುಡುಕಿಕೊಂಡು ಹೋದ.

ಅವಳು ಮೈಕಿನ ಮುಂದೆ ನಿಂತು ಹೇಳಿದಳು: "ಅಕ್ಕ ಸತ್ತುಹೋದಳು. ನಾನು ಅವಳ ತಂಗಿ. ಏನಿದ್ರೂ ಇನ್ಮೇಲೆ ನನಗೇ ಹೇಳಿ." ಆ ಮೊದಲ ಮಾತನ್ನು ಅವಳು ಇಲ್ಲಿಯವರೆಗೆ ಯಾರೆದುರೂ ಬಾಯಿಬಿಟ್ಟು ಆಡಿರಲಿಲ್ಲ.

"ಸಪ್ಪೆ ಆಯ್ತು ಮೇಡಂ. ಸ್ವಲ್ಪ ದುಃಖ ಸೇರಿಸ್ತೀರಾ?" ಎಂದ ರೆಕಾರ್ಡಿಂಗ್ ಮಾಡುವವನು.

"ಇರೋದು ಇಷ್ಟೇ," ಎಂದಳು.

ಸಂಜೆ ಎಲ್ಲರೂ ಮನೆಗೆ ಹೊರಟರೂ ಅವಳು ಲೈನಿನ ಮುಂದೆಯೇ ಕೂತಿದ್ದಳು. ದೀಪ ಹಾಕುವ ಹೊತ್ತಿಗೆ ಹೊಸ ಕರೆ ಬಂತು. ಮೊದಲು ನಲ್ಲಿ ತೊಟ್ಟಿಕ್ಕುವ ಸದ್ದು, ಅದರ ಜೊತೆ ಯಾರದೋ ಉಸಿರು. ಆಮೇಲೆ ಅಮ್ಮ ಮಾತಾಡಿದಳು.

"ಅವಳಿಗೆ ಹೇಳಿದ್ದೆಲ್ಲ ಕೇಳಿಸ್ಕೊಂಡ್ಯಾ? ಹೋಗಲಿ ಬಿಡು. ನಾನಿನ್ನೂ ಊಟ ಮಾಡಿಲ್ಲ. ಬೇಗ ಬಾ."

ಅಳು ಆಗಲೂ ಬರಲಿಲ್ಲ. ಆದರೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವಳಿಗೆ ಹಸಿವಾಗಿತ್ತು.