ಹದಿನೆಂಟು ಸೆಕೆಂಡು

"ನಿಮ್ಮ ಸಲಹೆ ಬರ್ಕೊಂಡಿದೀವಿ," ಎಂದು ಅಧಿಕಾರಿ ಮೂರನೆಯ ಸಲ ಹೇಳಿದಾಗ ಬಸ್ ಡ್ರೈವರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ.

"ಬರ್ಕೊಂಡು ಏನ್ಮಾಡ್ತೀರಾ ಸಾರ್? ಉಪ್ಪಿನಕಾಯಿ ಹಾಕ್ತೀರಾ?"

ನಾಗರಿಕರ ಸಲಹಾ ಸಮಿತಿಯಲ್ಲಿ ಅವನೂ ಸೇರಿ ಐವರಿದ್ದರು. ಕಚೇರಿಯ ಪಕ್ಕದ ಆಸ್ಪತ್ರೆಯ ಗೇಟಿನಲ್ಲಿದ್ದ ಬಸ್ ನಿಲ್ದಾಣವನ್ನು ರಸ್ತೆಯ ಆಚೆ ಬದಿಗೆ ಸಾಗಿಸುವ ನಕ್ಷೆ ಮೇಜಿನ ಮೇಲಿತ್ತು. ಮೂರು ಸಭೆಗಳಿಂದ ಅವನದು ಒಂದೇ ಮಾತು: ರೋಗಿಗಳು ಅಷ್ಟಗಲದ ರಸ್ತೆ ದಾಟಲಾರರು. ಅಧಿಕಾರಿಯದೂ ಒಂದೇ ಮಾತು: ಸಿಗ್ನಲ್ ಹದಿನೆಂಟು ಸೆಕೆಂಡು ಇರುತ್ತದೆ, ಧಾರಾಳವಾಯಿತು.

"ಧಾರಾಳಾನಾ? ಕೆಳಗೆ ಬಂದು ನೋಡಿ."

ಕೆಳಗೆ ಅವನ ಅಕ್ಕ ಕಾಯುತ್ತಿದ್ದಳು. ಇಪ್ಪತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ನಿಂತೇ ದುಡಿದು ಮಂಡಿ ಸವೆಸಿಕೊಂಡವಳು. ಡಾಕ್ಟರ ಹತ್ತಿರ ಹೋಗೋಣವೆಂದು ಹೇಳಿ ಕರೆತಂದಿದ್ದ.

"ಅಕ್ಕಾ, ಆಚೆ ನಡಿ, ಬಂದೆ," ಎಂದ. ಹಸಿರು ದೀಪ ಹೊತ್ತಿತು. ಅವಳು ಕೋಲೂರಿಕೊಂಡು ಇಳಿದಳು. ಅವನ ಹಿಂದೆ ಇಳಿದುಬಂದ ಅಧಿಕಾರಿಯೂ ಸಮಿತಿಯವರೂ ಫುಟ್‌ಪಾತಿನಲ್ಲಿ ಸಾಲಾಗಿ ನಿಂತರು. ಡ್ರೈವರ್ ಗಟ್ಟಿಯಾಗಿ ಎಣಿಸತೊಡಗಿದ. ಹದಿನೆಂಟಕ್ಕೆ ಅವಳು ರಸ್ತೆ ನಡುವಿನ ಕಟ್ಟೆಯನ್ನೂ ಮುಟ್ಟಿರಲಿಲ್ಲ. ಲಾರಿಯೊಂದು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಹೇಗೋ ಕಟ್ಟೆ ಹಿಡಿದು ತಿರುಗಿದವಳಿಗೆ ಸಾಲು ಮುಖಗಳೂ, ಕೈಗಡಿಯಾರ ಎತ್ತಿ ಹಿಡಿದ ತಮ್ಮನೂ ಕಂಡರು.

"ನೋಡಿದ್ರಾ ಸಾರ್!" ಎನ್ನುತ್ತ ಅವನು ಓಡಿಬಂದ.

"ಮುಟ್ಬೇಡ. ಕೋತಿ ಕುಣಿಸಿದ ಹಾಗೆ ಕುಣಿಸೋಕೆ ಕರ್ಕೊಂಡು ಬಂದ್ಯಾ ನನ್ನ? ಕೇಳಿದ್ರೆ ಹೇಳ್ತಿರ್ಲಿಲ್ವಾ? ನನಗೇನು ಬಾಯಿ ಬಿದ್ದುಹೋಗಿತ್ತಾ?"

ಅವನ ಮುಖ ಸಪ್ಪಗಾಯಿತು. ಹಿಂದೆಯೇ ಬಂದ ಅಧಿಕಾರಿ, "ಅಮ್ಮಾ, ಬನ್ನಿ, ಮೇಲೆ ಕೂತು ಮಾತಾಡೋಣ," ಎಂದ.

"ಮೇಲಾ? ಹೋದ ತಿಂಗಳು ನಾನೇ ಹೇಳೋಣ ಅಂತ ಬಂದಿದ್ದೆ. ನಿಮ್ಮ ಮೆಟ್ಟಿಲು ಅರ್ಧ ಹತ್ತಿ ವಾಪಸ್ ಹೋದೆ."

ಡ್ರೈವರಿಗೆ ಇದು ಗೊತ್ತಿರಲಿಲ್ಲ.

ಅವಳು ಕಟ್ಟೆಯ ಮೇಲೆ ಕೂತೇಬಿಟ್ಟಳು. "ಇಲ್ಲೇ ಕೇಳಿ. ಬರ್ಕೊಂಡಿದ್ದನ್ನ ನನಗೆ ಓದಿ ಹೇಳಿ. ನಾನು ಹೇಳಿದ್ದೇ ಅದ್ರಲ್ಲಿದೆ ಅಂತ ಗೊತ್ತಾಗೋವರೆಗೂ ಏಳೋದಿಲ್ಲ."

ಅಧಿಕಾರಿ ಆಚೀಚೆ ನೋಡಿದ. ಕೊನೆಗೆ ಧೂಳು ಕೊಡವಿ ಪಕ್ಕದಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದ. ಉಳಿದವರೂ ಒಬ್ಬೊಬ್ಬರಾಗಿ ದಾಟಿ ಬಂದರು. ದೀಪ ಮೂರು ಸಲ ಹಸಿರಾಗಿ ಕೆಂಪಾಯಿತು. ಅವಳು ಹೇಳುತ್ತಲೇ ಇದ್ದಳು.

ಡ್ರೈವರ್ ಹತ್ತಿರ ಹೋಗಲಿಲ್ಲ. ಹತ್ತು ಹೆಜ್ಜೆ ಆಚೆ, ಬರುವ ಲಾರಿಗಳಿಗೆ ಮುಖ ಮಾಡಿ, ನಿಧಾನ, ನಿಧಾನ ಎಂದು ಕೈ ತೋರಿಸುತ್ತ ನಿಂತಿದ್ದ.