ಬಾಯಿ ಬಿಟ್ಟ ಬನ್ನು

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಠಣ್ಣೆಂದು ಬಿತ್ತು. ಮುಂದಿನ ಕೋಣೆಯಲ್ಲಿ ಅತ್ತೆಯ ದೇಹದ ಸುತ್ತ ಕೂತಿದ್ದವರೆಲ್ಲ ಒಮ್ಮೆಲೇ ಆ ಕಡೆ ತಿರುಗಿದರು. ಸೊಸೆ ಎದ್ದು ಓಡಿದಳು. ಬೆಕ್ಕಲ್ಲ, ಗಾಳಿಯೂ ಅಲ್ಲ. ಅತ್ತೆ ನಿನ್ನೆ ಸಂಜೆ ನಾದಿಟ್ಟಿದ್ದ ಬನ್ನಿನ ಹಿಟ್ಟು ಉಬ್ಬಿ ಉಬ್ಬಿ, ಮುಚ್ಚಳವನ್ನು ಟೋಪಿಯಂತೆ ಕೆಳಕ್ಕೆಸೆದು, ಪಾತ್ರೆಯ ಅಂಚಿನಿಂದ ಇಣುಕುತ್ತಿತ್ತು. ನಾದಿದವರು ನಸುಕಿನಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಹಿಟ್ಟಿಗೆ ಅದನ್ನು ಯಾರೂ ಹೇಳಿರಲಿಲ್ಲ.

ನಲ್ಲಿಗೆ ನೇತುಹಾಕಿದ ಬಟ್ಟೆಯ ಗಂಟಿನಲ್ಲಿ ಚೀಸು. ಅದೂ ಅತ್ತೆಯೇ ಹಾಲು ಒಡೆಸಿ ಕಟ್ಟಿದ್ದು. ಇನ್ನೂ ತೊಟ್ಟಿಕ್ಕುತ್ತಿತ್ತು.

ನಾದಿನಿ ಬಂದು ಬಾಗಿಲಿಗೆ ಒರಗಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ನಾಲಿಗೆ ಮಾತ್ರ ಎಂದಿನಂತೆಯೇ ಇತ್ತು.

"ಚೆಲ್ಲಿಬಿಡು ಅತ್ತಿಗೆ. ಬಂದವರಿಗೆ ಬೇಕರಿಯಿಂದ ಏನಾದ್ರೂ ತರಿಸೋಣ."

"ಅವರು ನಾದಿದ ಹಿಟ್ಟು ಕಣೇ. ಇನ್ನೊಂದು ಸಲ ಎಲ್ಲಿಂದ ಬರುತ್ತೆ?"

"ಅದಕ್ಕೇ ಹೇಳ್ತಿರೋದು. ಅಮ್ಮನ ಕೊನೇ ಹಿಟ್ಟು. ನೀನು ಬನ್ನಿನ ಬಾಯಿ ಮುಚ್ಚಿದ್ರೆ ಹೂರಣ ಎಲ್ಲ ಓವನ್ನಿನ ಪಾಲು."

ಇಷ್ಟು ವರ್ಷ ಸೊಸೆಯೂ ಅದನ್ನೇ ನಂಬಿದ್ದಳು. ಹಿಟ್ಟನ್ನು ಮೆಲ್ಲಗೆ ಗುದ್ದಿ ಇಳಿಸಿ, ಮುಚ್ಚಳ ಮುಚ್ಚಿ, ಮೇಲೊಂದು ಗುಂಡುಕಲ್ಲಿಟ್ಟು ಹೊರಗೆ ಬಂದಳು. ಅತ್ತೆಯ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬಲಗೈ ಹೆಬ್ಬೆರಳಿನ ಉಗುರಿನಡಿ ಹಿಟ್ಟು ಒಣಗಿತ್ತು. ಒರೆಸಲು ಹೋದವಳು, ಹಾಗೇ ಬಿಟ್ಟಳು.

*

ಮದುವೆಯಾಗಿ ಬಂದ ಹೊಸತು. ಅತ್ತೆ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ಒಣದ್ರಾಕ್ಷಿ, ಬೆಣ್ಣೆ, ಸಕ್ಕರೆ ಕಲಸಿದ ಹೂರಣವಿಟ್ಟು, ಅಂಚುಗಳನ್ನು ಕೂಡಿಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. "ಉಬ್ಬಿಸೋದು ದೇವರ ಕೆಲಸ, ಮುಚ್ಚೋದು ನಮ್ಮ ಕೆಲಸ. ಮುಚ್ಚು."

ಸೊಸೆ ಮುಚ್ಚಿದಳು. ತಟ್ಟೆ ಹೊರಬಂದಾಗ ಅವಳ ಬನ್ನುಗಳೆಲ್ಲ ಬಾಯಿ ಬಿಟ್ಟಿದ್ದವು. ಹೂರಣ ಸುರಿದು, ಸಕ್ಕರೆ ಕರಕಲಾಗಿ ತಟ್ಟೆಗೆ ಅಂಟಿತ್ತು. ನಾದಿನಿ, ಆಗಿನ್ನೂ ಎರಡು ಜಡೆಯ ಹುಡುಗಿ, ಹೊಟ್ಟೆ ಹಿಡಿದು ನಕ್ಕಳು. "ಅಮ್ಮಾ, ಅತ್ತಿಗೆ ಬಾಯೇ ಬಿಡಲ್ಲ, ಅವಳ ಬನ್ನು ಬಿಡ್ತಾವೆ!"

ಮುಂದಿನ ಸಲವೂ ಒಡೆದವು. ಅತ್ತೆ ಅದರಲ್ಲೊಂದನ್ನು ಎತ್ತಿ, "ಇದು ನಂದು" ಎಂದರು. ಸಮಾಧಾನದ ಮಾತು ಎಂದುಕೊಂಡಳು ಸೊಸೆ. ಆಮೇಲೂ ತಟ್ಟೆಗೊಂದು ಬನ್ನು ಒಡೆಯದೆ ಇರುತ್ತಿರಲಿಲ್ಲ. ಓವನ್ ಹೊಕ್ಕ ಮೇಲೆ ಯಾವುದು ಯಾರದೆಂಬ ಗುರುತಿಲ್ಲ. ಪ್ರತಿ ಸಲವೂ ಅತ್ತೆ "ಇದು ನಂದು" ಎನ್ನುವರು, ನಾದಿನಿ ಕಣ್ಣು ಮಿಟುಕಿಸುವಳು. ಒಡೆದದ್ದು ಮಾವನ ಪಾಲು. ಬೀಗ ರಿಪೇರಿಯ ಮಾವ ಅಂಗಡಿ ಮುಚ್ಚಿ ಬಂದು, ಉಪ್ಪು ಮೆಣಸು ಉದುರಿಸಿ ಬಾಣಲೆಯಲ್ಲಿ ಕೆಂಪಗೆ ಮಾಡಿದ ಚೀಸಿನ ಜೊತೆ ಅದನ್ನು ತಿಂದು, ಕರಕಲು ಸಕ್ಕರೆಯನ್ನು ಕಟಕಟ ಕಡಿಯುವರು. ಸೊಸೆ ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುವಳು. ಈ ಕೈ ಯಾವತ್ತು ಕಲಿಯುತ್ತೋ ದೇವರೇ.

*

ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದರು. ಸೊಸೆ ಮುಖ ತೊಳೆದು, ಯಾರನ್ನೂ ಕೇಳದೆ ಓವನ್ ಹಚ್ಚಿದಳು. ಅವಳ ಮಗನ ಹೆಂಡತಿ, ಮೊನ್ನೆ ಮೊನ್ನೆ ಈ ಮನೆಗೆ ಬಂದ ಹುಡುಗಿ, ಚೀಸನ್ನು ಬಟ್ಟೆಯಿಂದ ಬಿಡಿಸಿ ಹೋಳು ಮಾಡತೊಡಗಿದಳು. ನಾದಿನಿ ಕಾವಲು ನಿಂತಳು.

ಸೊಸೆ ಹೂರಣವಿಟ್ಟು ಒಂದೊಂದು ಬನ್ನನ್ನೂ ಉಸಿರು ಹಿಡಿದು ಮುಚ್ಚಿದಳು. ಬೇಯುವಷ್ಟು ಹೊತ್ತೂ ಓವನ್ನಿನ ಗಾಜಿನ ಕಡೆ ನೋಡಲಿಲ್ಲ.

ತಟ್ಟೆ ಹೊರಬಂತು. ಹೊಂಬಣ್ಣದ ಬನ್ನುಗಳು, ಸಾಲಾಗಿ, ಬಾಯಿ ಮುಚ್ಚಿಕೊಂಡು. ನಾದಿನಿ ಒಂದೊಂದನ್ನೂ ಮಗುಚಿ ನೋಡಿದಳು.

"ಅತ್ತಿಗೆ! ಒಂದೂ ಒಡೆದಿಲ್ಲ!"

ಚಪ್ಪಲಿಯ ಮಣ್ಣಿನ್ನೂ ಒಣಗದ ಮಾವ ವಾಸನೆ ಹಿಡಿದು ಒಳಗೆ ಬಂದರು. "ನಂದೆಲ್ಲಿ?"

"ಯಾವುದಾದ್ರೂ ತಗೊಳ್ಳಿ ಮಾವ. ಒಡೆದದ್ದು ಇವತ್ತು ಇಲ್ಲ."

ಮಾವ ತಟ್ಟೆಯನ್ನೇ ನೋಡುತ್ತ ನಿಂತರು. "ಇರಲ್ಲ. ಒಡೆಯೋಳು ಹೋದಳಲ್ಲ."

"ಏನಪ್ಪಾ ಹಂಗಂದ್ರೆ?" ನಾದಿನಿ ಕೇಳಿದಳು.

"ಇವಳದು ಒಡೆಯೋದು ಎರಡನೇ ವರ್ಷಕ್ಕೇ ನಿಂತಿತ್ತು. ಒಡೀತಿದ್ದದ್ದು ನಿಮ್ಮಮ್ಮಂದು. ಓವನ್ನಿಗೆ ಇಡೋ ಮುಂಚೆ ತನ್ನದೊಂದರ ಬಾಯಿ ಉಗುರಲ್ಲಿ ಸಡಿಲ ಮಾಡೋಳು. ಇವಳೊಬ್ಬಳದೇ ಒಡೆದ್ರೆ ನೀನು ಆಡ್ಕೊಂಡು ನಗ್ತೀಯ ಅಂತ ಶುರು ಮಾಡಿದ್ದು." ಮಾವ ಕುರ್ಚಿಯಲ್ಲಿ ಕೂತರು. "ಜೀವಮಾನ ಎಲ್ಲ ಬೀಗ ನೋಡಿದವನು ನಾನು. ತಾನಾಗೇ ಬಿಟ್ಟುಕೊಂಡಿದ್ದು ಯಾವುದು, ಯಾರೋ ಬಿಚ್ಚಿದ್ದು ಯಾವುದು, ಗೊತ್ತಾಗಲ್ವ? ಇವಳ ಕೈ ಪಳಗಿದ ಮೇಲೆ, ಇನ್ನು ಸಾಕು ಬಿಡೇ ಅನ್ನೋ ಹೊತ್ತಿಗೆ ನನಗೆ ಆ ಕರಕಲಿನ ರುಚಿ ಹತ್ತಿಬಿಟ್ಟಿತ್ತು."

"ನನಗೊಂದು ಮಾತು ಹೇಳಬಾರದಿತ್ತಾ ಅವರು?" ಸೊಸೆಯ ದನಿ ಒಡೆಯಿತು.

"ಪ್ರತಿ ಸಲ ಹೇಳ್ತಿದ್ಲಲ್ಲಮ್ಮ, ಇದು ನಂದು ಅಂತ. ನೀವ್ಯಾರೂ ನಂಬಲಿಲ್ಲ."

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬನ್ನಿನ ತಟ್ಟೆ ಎತ್ತಿಕೊಂಡು, ಹೊರಗೆ ಬಂದಿದ್ದವರ ಕಡೆಗೆ ನಡೆದಳು.

ಹೊರಗೆ ಇನ್ನೂ ಜನ ಬರುತ್ತಲೇ ಇದ್ದರು. ಹಿಟ್ಟು ಉಳಿದಿತ್ತು. ಸೊಸೆ ಕಣ್ಣೊರೆಸಿಕೊಂಡು ಹುಡುಗಿಯನ್ನು ಕರೆದಳು.

"ಬಾ, ನೀನೂ ಮುಚ್ಚು."

"ನಂಗೆ ಬರಲ್ಲ ಅತ್ತೆ. ಇಷ್ಟು ಜನದ ಮುಂದೆ ಒಡೆದುಹೋದ್ರೆ?"

"ಒಡೆದದ್ದು ತಿನ್ನೋರು ಇದಾರೆ. ಬಾ."

ಹುಡುಗಿ ನಾಲಿಗೆ ಕಚ್ಚಿಕೊಂಡು ಮುಚ್ಚಿದಳು. ಒಂದರ ಅಂಚು ಸೊಟ್ಟ, ಇನ್ನೊಂದರದು ದಪ್ಪ. ಸೊಸೆಯೂ ಜೊತೆಗೆ ಮುಚ್ಚುತ್ತ ಹೋದಂತೆ ಎರಡನೇ ತಟ್ಟೆ ತುಂಬಿತು. ಹುಡುಗಿ ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದಾಗ ಸೊಸೆ ಓವನ್ನಿನ ಬಾಗಿಲು ತೆರೆದಳು. ಬಿಸಿ ಮುಖಕ್ಕೆ ಹೊಡೆಯಿತು. ತಟ್ಟೆ ಒಳಗಿಡಲು ಬಾಗಿದವಳು ತಡೆದು, ತಾನು ಮುಚ್ಚಿದ್ದರಲ್ಲಿ ಒಂದನ್ನು ಆರಿಸಿ, ಹೆಬ್ಬೆರಳಿನ ಉಗುರನ್ನು ಅದರ ಅಂಚಿಗೆ ತೂರಿಸಿದಳು. ಒಂದು ದ್ರಾಕ್ಷಿ ಹೊರಗೆ ಇಣುಕಿತು.

ಮಾವ ಚೀಸಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕುರ್ಚಿಯನ್ನು ಓವನ್ನಿನ ಕಡೆಗೆ ಎಳೆದುಕೊಂಡರು.